ಕಡಲ ಪಾಚಿಯ ಅಂಟೂ ಹೊಲದ ಸೂಕ್ಷ್ಮಜೀವಿಯೂ

ದಾವಣಗೆರೆ, ಹರಿಹರ ಸೀಮೆಯ ಹಳ್ಳಿಗಳಿಂದ ಕಟ್ಟುಹಲ್ಲುಗಳನ್ನು ಮಾಡಿಸಿಕೊಳ್ಳುವುದಕ್ಕಾಗಿ ದಾವಣಗೆರೆಯ ದಂತವೈದ್ಯ ಕಾಲೇಜುಗಳಿಗೆ ಹೋಗಿಬಂದ ಹಿರಿಯರು ಅನೇಕರಿರುವರು. ಅಲ್ಲಿ ವೈದ್ಯರು ಒಂದು ಪುಡಿಯನ್ನು ನೀರಿನಲ್ಲಿ ಕಲಸಿ, ಸಣ್ಣ ತಟ್ಟೆಯಲ್ಲಿ ತುಂಬಿ, ಬಾಯೊಳಗೆ ಒತ್ತಿ ಹಿಡಿಯುವುದುಂಟು. ಕೆಲವೇ ನಿಮಿಷಗಳಲ್ಲಿ ಆ ಕಣಕವು ರಬ್ಬರಿನಂತೆ ಗಟ್ಟಿಯಾಗಿ ವಸಡಿನ ಅಚ್ಚನ್ನು ಎತ್ತಿಕೊಡುತ್ತದೆ. ಈ ಪುಡಿಯ ಮುಖ್ಯ ಸತ್ವವೇ ಆಲ್ಜಿನೇಟ್ ಎಂಬುದು. ಬಾಯಲ್ಲಿ ಗಟ್ಟಿಯಾಗುವ ಈ ವಸ್ತುವಿಗೂ ಹೊಲದಲ್ಲಿ ಬಿತ್ತುವ ಬೀಜಕ್ಕೂ ಸಂಬಂಧವೇನೆಂದು ಜಮೀನುದಾರರು ಕೇಳಬಹುದು. ಸಂಬಂಧವು ಉಂಟು, ಅದನ್ನು ತಿಳಿಯುವುದರಿಂದ ಬೇಸಾಯಗಾರರ ಹಣವು ಉಳಿಯುವುದೂ ಉಂಟು.

ವಸ್ತುವಿನ ಮೂಲ

ಹರಿಹರದ ಎದುರು ದಡದಲ್ಲಿರುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮರದ ತಿರುಳಿನಿಂದ ಬಟ್ಟೆಯ ನಾರಿಗೆ ಬೇಕಾದ ವಸ್ತುವನ್ನು ತೆಗೆಯುವುದನ್ನು ಈ ಸೀಮೆಯವರು ಬಲ್ಲರು. ಮರಕ್ಕೆ ಆ ನಾರು ಹೇಗೋ, ಸಮುದ್ರದ ಕಂದುಬಣ್ಣದ ಪಾಚಿಗಳಿಗೆ ಆಲ್ಜಿನೇಟ್ ಹಾಗೆ. ಅಲೆಗಳ ಹೊಡೆತಕ್ಕೆ ಬಾಗಿಯೂ ಮುರಿಯದಂತೆ ಆ ಪಾಚಿಗಳನ್ನು ಕಾಯುವುದು ಈ ಸತ್ವವೇ. 1881ರಲ್ಲಿ ಸ್ಟ್ಯಾನ್‌ಫರ್ಡ್ ಎಂಬ ಆಂಗ್ಲ ರಸಾಯನಜ್ಞನು ಇದನ್ನು ಮೊದಲು ಬೇರ್ಪಡಿಸಿದನು. ನಮ್ಮ ದೇಶದಲ್ಲಿ ತಮಿಳುನಾಡಿನ ರಾಮೇಶ್ವರ, ಮಂಡಪಂ ಕಡಲತೀರದ ಪಾಚಿಗಳು ಇದಕ್ಕೆ ಉಪಯೋಗಿಸಲ್ಪಡುತ್ತವೆ. ಪಾಚಿಯನ್ನು ಆಮ್ಲದಲ್ಲಿ ತೊಳೆದು, ಸೋಡಾಕ್ಷಾರದ ನೀರಿನಲ್ಲಿ ಕರಗಿಸಿ, ಸೋಸಿ, ಒಣಗಿಸಿದರೆ ಸೋಡಿಯಂ ಆಲ್ಜಿನೇಟ್ ಎಂಬ ಮಾಸಲು ಬಿಳಿಯ ಪುಡಿಯು ದೊರೆಯುತ್ತದೆ.

ಗಟ್ಟಿಯಾಗುವ ಬಗೆ

ಈ ಪುಡಿಯು ನೀರಿನಲ್ಲಿ ಕರಗಿ ಗಂಜಿಯಂತಾಗುತ್ತದೆ. ಆ ಗಂಜಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣದ ನೀರಿಗೆ ತೊಟ್ಟುತೊಟ್ಟಾಗಿ ಬಿಟ್ಟರೆ, ಪ್ರತಿಯೊಂದು ತೊಟ್ಟೂ ಬಿದ್ದ ಕ್ಷಣದಲ್ಲಿಯೇ ಹೊರಗೆ ಹೆಪ್ಪುಗಟ್ಟಿ, ಬೆಂದ ಸಬ್ಬಕ್ಕಿಯಂತೆ ದುಂಡಗಾಗುತ್ತದೆ. ಆಲ್ಜಿನೇಟಿನ ಉದ್ದನೆಯ ಎಳೆಗಳಲ್ಲಿ ಸಣ್ಣ ಗುಳಿಗಳಿದ್ದು, ಎರಡು ಎಳೆಗಳ ನಡುವೆ ಕ್ಯಾಲ್ಸಿಯಂ ಕಣಗಳು, ಮೊಟ್ಟೆ ಅಡಕುವ ತಟ್ಟೆಯಲ್ಲಿ ಮೊಟ್ಟೆಗಳು ಕುಳಿತಂತೆ, ಕುಳಿತು ಎಳೆಗಳನ್ನು ಕಟ್ಟಿಹಾಕುತ್ತವೆ. ಗಡಸು ನೀರಿನಲ್ಲಿ ಸಾಬೂನು ನೊರೆ ಕಟ್ಟದಿರುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಇದೇ ಆಗಿದೆ. ಆದ್ದರಿಂದಲೇ ಪ್ರಯೋಗಶಾಲೆಗಳಲ್ಲಿ ಆಲ್ಜಿನೇಟನ್ನು ಕರಗಿಸಲು ಕೊಳವೆಬಾವಿಯ ನೀರನ್ನು ಬಳಸದೆ ಭಟ್ಟಿಯಿಳಿಸಿದ ನೀರನ್ನು ಬಳಸುವರು.

ಇಲ್ಲಿ ಬೆಂಕಿಯ ಕಾವಿಲ್ಲ, ತೀಕ್ಷ್ಣ ರಾಸಾಯನಿಕಗಳಿಲ್ಲ. ಆದುದರಿಂದ ಗಂಜಿಯಲ್ಲಿ ಬೆರೆಸಿದ ಜೀವಕೋಶಗಳು ಸಾಯದೆ ಗುಳಿಗೆಯೊಳಗೆ ಬದುಕಿರುತ್ತವೆ. ನೀರು, ಗಾಳಿ, ಆಹಾರಗಳು ಗುಳಿಗೆಯ ರಂಧ್ರಗಳ ಮೂಲಕ ಒಳಹೋಗಬಲ್ಲವು. 1980ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇಲಿಯ ಮೇದೋಜೀರಕ ಗ್ರಂಥಿಯ ಕೋಶಗಳನ್ನು ಇಂತಹ ಗುಳಿಗೆಗಳಲ್ಲಿಟ್ಟು, ಮಧುಮೇಹವುಳ್ಳ ಇಲಿಗಳ ಹೊಟ್ಟೆಯೊಳಗೆ ಸೇರಿಸಿ, ಕೆಲವು ವಾರಗಳವರೆಗೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟರು. ಗಾಯಕ್ಕೆ ಕಟ್ಟುವ ಪಟ್ಟಿಗಳೂ ಇದರಿಂದ ತಯಾರಾಗುತ್ತಿವೆ. 1987ರಲ್ಲಿ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಹಿಪ್ಪುನೇರಳೆಯ ಮೊಗ್ಗುಗಳನ್ನು ಆಲ್ಜಿನೇಟಿನಲ್ಲಿ ಅಡಗಿಸಿ, ಅವುಗಳಿಂದ ಗಿಡಗಳನ್ನು ಎಬ್ಬಿಸಿದರು.

ಹೊಲಕ್ಕೆ ಸಂಬಂಧಿಸಿದ ವಿಚಾರ

ಶೇಂಗಾ, ತೊಗರಿ, ಅಲಸಂದೆಗಳ ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿಯು ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುತ್ತದೆ. ಬತ್ತ, ಮೆಕ್ಕೆಜೋಳಗಳಿಗೆ ಅಜೋಸ್ಪಿರಿಲಂ ಎಂಬುದು ಸಹಾಯಕವಾಗಿದೆ. ಪುಡಿಯಲ್ಲಿ ಬೆರೆಸಿ ಪೊಟ್ಟಣ ಕಟ್ಟಿದ ಜೈವಿಕ ಗೊಬ್ಬರದ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಜೀವಂತ ಜೀವಿಗಳಿರಬೇಕೆಂದು ಸರ್ಕಾರದ ನಿಯಮವಿದೆ. ಆದರೆ ಬೇಸಗೆಯಲ್ಲಿ ಅಂಗಡಿಯ ಮುಂದಿನ ಬಿಸಿಲಲ್ಲಿಯೋ, ತಗಡಿನ ಮಾಡಿನ ಕೆಳಗೋ ಇಟ್ಟ ಪೊಟ್ಟಣದಲ್ಲಿ ಆ ಜೀವಿಗಳು ಸಾಯುತ್ತವೆ. ರೈತನು ಕೊಂಡದ್ದು ಗೊಬ್ಬರವೆಂದು ತಿಳಿದಿರುತ್ತಾನೆ. ಹೊಲಕ್ಕೆ ಹಾಕುವುದು ಬರಿಯ ಇದ್ದಿಲುಪುಡಿ. ಬೆಳೆ ಏಳದಿದ್ದಾಗ ದೂರು ಮಾತ್ರ ಮಳೆಯ ಮೇಲೆಯೋ ನೆಲದ ಮೇಲೆಯೋ ಬೀಳುತ್ತದೆ.

ಈ ನಷ್ಟವನ್ನು ತಪ್ಪಿಸುವ ಸಲುವಾಗಿಯೇ ಆಲ್ಜಿನೇಟ್ ಗುಳಿಗೆಗಳು ಪರೀಕ್ಷಿಸಲ್ಪಡುತ್ತಿವೆ. 1986ರಲ್ಲಿ ಬಷಾನ್ ಎಂಬ ವಿಜ್ಞಾನಿಯು ಅಜೋಸ್ಪಿರಿಲಂ ಜೀವಿಗಳನ್ನು ಗುಳಿಗೆಗಳಲ್ಲಿ ತುಂಬಿ, ಅವು ಮೆಲ್ಲಮೆಲ್ಲನೆ ಹೊರಬಂದು ಬೇರನ್ನು ಸೇರುವುದನ್ನು ತೋರಿಸಿದನು. ಒಣಗಿಸಿಟ್ಟ ಅಂತಹ ಗುಳಿಗೆಗಳಲ್ಲಿ 14 ವರ್ಷಗಳ ಮೇಲೆಯೂ ಜೀವಂತ ಜೀವಿಗಳು, ಸಂಖ್ಯೆಯಲ್ಲಿ ಕಡಿಮೆಯಾಗಿದ್ದರೂ, ಉಳಿದಿದ್ದುವೆಂದು 1999ರಲ್ಲಿ ಪ್ರಕಟವಾಯಿತು. ಗುಳಿಗೆಯು ಮಣ್ಣಿನಲ್ಲಿ ಕ್ರಮೇಣ ಕರಗಿಹೋಗುವುದರಿಂದ ನೆಲಕ್ಕೆ ಬಾಧಕವಿಲ್ಲ.

ಎಚ್ಚರಿಕೆಯ ಮಾತು

ಇಷ್ಟು ಕೇಳಿದ ಮಾತ್ರಕ್ಕೆ ಗುಳಿಗೆಗಳಿಗಾಗಿ ಪೇಟೆಗೆ ಓಡಬೇಕಾದ ಅಗತ್ಯವಿಲ್ಲ. ಶುದ್ಧವಾದ ಆಲ್ಜಿನೇಟಿಗೆ ಬೆಲೆ ಹೆಚ್ಚು. ಒಂದು ಬಟ್ಟಲು ಗುಳಿಗೆಗಳನ್ನು ಮಾಡುವುದಕ್ಕೂ ಒಂದು ಹೋಬಳಿಗೆ ಸಾಲುವಷ್ಟು ಮಾಡುವುದಕ್ಕೂ ಬಹಳ ಅಂತರವಿದೆ. ಅಲ್ಲದೆ, ಅಂಗಡಿಗಳಲ್ಲಿ ಕಡಲಪಾಚಿಯ ದ್ರಾವಣವೆಂದು ಮಾರುವುದೇ ಬೇರೆ, ಜೀವಿಗಳುಳ್ಳ ಈ ಗುಳಿಗೆಯೇ ಬೇರೆ. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ವ್ಯಾಪ್ತಿಗೆ 2006ರಲ್ಲಿ ಜೈವಿಕ ಗೊಬ್ಬರಗಳೂ, 2021ರಲ್ಲಿ ಕಡಲಪಾಚಿಯ ಸಾರವೇ ಮೊದಲಾದ ಜೈವಿಕ ಉತ್ತೇಜಕಗಳೂ ಸೇರಿಸಲ್ಪಟ್ಟಿವೆ. ಆದುದರಿಂದ ಚೀಟಿಯನ್ನು ಓದದೆಯೂ ರಸೀತಿಯನ್ನು ಪಡೆಯದೆಯೂ ಯಾವುದನ್ನೂ ಕೊಳ್ಳತಕ್ಕದ್ದಲ್ಲ.

ಪ್ರಯೋಗಶಾಲೆಯು ಕಲಿಸುವ ಪಾಠವನ್ನಾದರೋ ಇಂದೇ ಆಚರಿಸಬಹುದು: ಜೀವಿಯನ್ನು ಬಿಸಿಲಿನಿಂದಲೂ ವಿಷದಿಂದಲೂ ಕಾಪಾಡಿ ಬೇರಿನ ಬಳಿಗೆ ತಲುಪಿಸುವುದೇ ಆ ಪಾಠ. ಪೊಟ್ಟಣದ ಮೇಲಿನ ತಯಾರಿಕೆಯ ಹಾಗೂ ಅವಧಿಯ ತಾರೀಖುಗಳನ್ನು ನೋಡಿಕೊಳ್ಳಬೇಕು. ಅದನ್ನು ತಂಪಾದ ನೆರಳಿನಲ್ಲಿಡಬೇಕು. ರಸಗೊಬ್ಬರದ ಮೂಟೆ, ಔಷಧಿಯ ಡಬ್ಬಿಗಳ ಪಕ್ಕದಲ್ಲಿಡಬಾರದು. 10 ಕಿಲೋ ಬೀಜಕ್ಕೆ ಸಾಮಾನ್ಯವಾಗಿ 200 ಗ್ರಾಂ ಪುಡಿಯನ್ನು, ಆರಿದ ಬೆಲ್ಲದ ಅಂಟಿನೊಡನೆ ಕಲಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಬೇಕು. ಭದ್ರಾ ನಾಲೆಯ ಗದ್ದೆಗಳಲ್ಲಿ ಬತ್ತವನ್ನು ನಾಟಿ ಮಾಡುವವರು ಸಸಿಗಳ ಬೇರನ್ನು ಅಜೋಸ್ಪಿರಿಲಂ ಕದಡಿದ ನೀರಿನಲ್ಲಿ ಅದ್ದಿ ನೆಡಬಹುದು. ಸಂದೇಹವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸತಕ್ಕದ್ದು.

ಗ್ರಾಮದ ಮುಖಂಡರು ಮುಂಗಾರಿಗೆ ಮುನ್ನ ತಮ್ಮ ಊರಿನ ಹತ್ತು ಮನೆಗಳಲ್ಲಿ ಪೊಟ್ಟಣಗಳನ್ನು ಎಲ್ಲಿ ಇಟ್ಟಿರುವರೆಂಬುದನ್ನು ಒಮ್ಮೆ ನೋಡಿಬಂದರೆ ಅದೇ ದೊಡ್ಡ ಉಪಕಾರವಾದೀತು. ಗುಳಿಗೆಯು ಹಳ್ಳಿಗೆ ಬರುವ ಕಾಲಕ್ಕೆ ಬರಲಿ. ನೆರಳಿಗೆ ಮಾತ್ರ ಯಾರೂ ಬೆಲೆ ಕೊಡಬೇಕಾಗಿಲ್ಲ.