ನಾಡದೋಣಿಯ ಲೆಕ್ಕ ಟನ್ನಿನಲ್ಲಿ ಸಿಗುವುದಿಲ್ಲ

ಹೊನ್ನಾವರ ತಾಲೂಕಿನ ಒಂದು ಕಡಲತೀರಕ್ಕೆ ಕೈರಂಪಣಿ ಬಲೆ ಎಳೆಯುವುದನ್ನು ನೋಡಲು ಹೋಗಿದ್ದೆ. ದೋಣಿಯವರು ಬಲೆಯನ್ನು ಅರ್ಧಚಂದ್ರಾಕಾರವಾಗಿ ನೀರಿಗೆ ಬಿಟ್ಟು ಬಂದಮೇಲೆ, ದಡದಲ್ಲಿದ್ದವರು ಎರಡೂ ತುದಿಯ ಹಗ್ಗ ಹಿಡಿದು ಎಳೀತಾರೆ. ನಾನೂ ಸ್ವಲ್ಪ ಹೊತ್ತು ಕೈಹಾಕಿದೆ. ಸಿಕ್ಕಿದ್ದು ಒಂದಷ್ಟು ತಾರ್ಲೆ, ಸ್ವಲ್ಪ ಬಂಗಡೆ. ಮಾರಾಟಕ್ಕೆ ಹೋಗುವ ಮೊದಲೇ ಹಗ್ಗ ಎಳೆದ ಹುಡುಗರಿಗೆ, ಒಂಟಿಯಾಗಿರುವ ಒಬ್ಬ ಅಜ್ಜಿಗೆ ಒಂದೊಂದು ಪಾಲು ಹೋಯಿತು. ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ ನನ್ನನ್ನು ನೋಡಿ ಆ ಅಜ್ಜಿ ಕೇಳಿದರು: “ಇದೂ ಲೆಕ್ಕಕ್ಕೆ ಬರ್ತದ್ಯಾ ತಮಾ?”

ಬರೋದಿಲ್ಲ. ಸಮಸ್ಯೆ ಇರುವುದೇ ಅಲ್ಲಿ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ದಕ್ಷತೆ ಅಂದ್ರೆ ಏನು ಹಾಕಿದೆವು, ಏನು ಪಡೆದೆವು ಅನ್ನುವ ಅನುಪಾತ. ಮೀನುಗಾರಿಕೆಗೂ ನಾವು ಇದೇ ಸೂತ್ರ ಹಚ್ಚುತ್ತೇವೆ: ಒಂದು ಬೋಟ್ ಎಷ್ಟು ಟನ್ ಮೀನು ತಂದಿತು? ಈ ಲೆಕ್ಕದಲ್ಲಿ ಹತ್ತು ದಿನ ಸಮುದ್ರದಲ್ಲೇ ಇದ್ದು ಬರುವ ಟ್ರಾಲ್ ಬೋಟ್ ಎದುರು ನಾಡದೋಣಿ ಏನೂ ಅಲ್ಲ. ಆದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನೋಡಿ. ಒಂದು ಟನ್ ಮೀನಿನಿಂದ ಎಷ್ಟು ಮನೆಗಳ ಒಲೆ ಉರೀತು? ಆ ಮೀನು ಯಾರ ತಟ್ಟೆಗೆ ಹೋಯಿತು? ಆಗ ಉತ್ತರವೇ ಬೇರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮತ್ತಿತರರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ ಹಿಡಿಯುವ ಮೀನಿನ ಕನಿಷ್ಠ 40% ಸಣ್ಣ ಮೀನುಗಾರರದ್ದು. ಆದರೆ ಮೀನುಗಾರಿಕೆ ಕೊಡುವ ಉದ್ಯೋಗದಲ್ಲಿ ಸುಮಾರು 90% ಇವರ ವಲಯದ್ದು. ಅಲ್ಲಿ ದುಡಿಯುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು.

ನಮ್ಮ ಕರಾವಳಿಯಲ್ಲಿ ಇದು ಹೇಗೆ ನಡೆಯುತ್ತೆ ನೋಡೋಣ. ನಾಡದೋಣಿಯ ಆದಾಯದಲ್ಲಿ ಸಾಮಾನ್ಯವಾಗಿ ಖರ್ಚು ಕಳೆದು ಉಳಿದದ್ದನ್ನು ಪಾಲು ಮಾಡ್ತಾರೆ. ದೋಣಿಗೆ, ಬಲೆಗೆ, ಎಂಜಿನ್ನಿಗೆ ಇಷ್ಟು; ದುಡಿದವರಿಗೆ ಇಷ್ಟು. ಮೀನು ಸಿಕ್ಕರೆ ಎಲ್ಲರಿಗೂ, ಸಿಗದಿದ್ದರೆ ಯಾರಿಗೂ ಇಲ್ಲ. ದಡಕ್ಕೆ ಬಂದ ಮೀನನ್ನು ಹೆಂಗಸರು ಕೊಂಡು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹೋಗ್ತಾರೆ. ಖಾಯಂ ಗಿರಾಕಿಗೆ ಸಾಲವೂ ಉಂಟು. ಉಳಿದದ್ದನ್ನು ಮರಳ ಮೇಲೆ ಒಣಗಿಸಿದರೆ ಮಳೆಗಾಲಕ್ಕೆ ಒಣಮೀನು. ಮೀನು ಹಿಡಿಯುವುದು ಗಂಡಸರು ನಿಜ, ಆದರೆ ಅದನ್ನು ದುಡ್ಡು ಮಾಡಿ ಮನೆ ನಡೆಸುವುದು ಹೆಚ್ಚಾಗಿ ಹೆಂಗಸರೇ.

ಇನ್ನು ಆಹಾರದ ಮಾತು. ಉಡುಪಿ, ಮಂಗಳೂರು ಕಡೆ ಬೂತಾಯಿ ಅನ್ನುವ ಇದೇ ತಾರ್ಲೆ ಬಡವರ ಮೀನು. ಒಮೆಗಾ-3 ಕೊಬ್ಬು, ಸಣ್ಣ ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ, ಎಲ್ಲ ಅದರಲ್ಲಿದೆ. ಇದೇ ಮೀನು ಫಿಶ್‌ಮೀಲ್ ಕಾರ್ಖಾನೆಗೂ ಹೋಗುತ್ತೆ. ಒಂದು ಕಿಲೋ ಮೀನುಹುಡಿಗೆ ಸುಮಾರು ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹುಡಿ ಸಿಗಡಿ, ಕೋಳಿಗಳ ಮೇವು. ವಹಿವಾಟಿನ ಲೆಕ್ಕದಲ್ಲಿ ಇದು ‘ಮೌಲ್ಯವರ್ಧನೆ’. ಬಡವರ ಮನೆಯ ಲೆಕ್ಕದಲ್ಲಿ ನಾಲ್ಕೈದು ಕಿಲೋ ಪದಾರ್ಥ ಕಡಿಮೆ.

ಈ ಪಾಠ ನಮಗೆ ಹೊಸದಲ್ಲ. ಹಿಂದೆ ಇಲ್ಲಿ ದೊಡ್ಡ ರಂಪಣಿ ಬಲೆಗಳಿದ್ದವು. ಊರಿನ ಹತ್ತಾರು ಜನ ಸೇರಿ ಎಳೆಯುತ್ತಿದ್ದ, ಹಲವರ ಒಡೆತನದ ಬಲೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡ ಸೇರುವ ಮೊದಲೇ ಸಮುದ್ರದಲ್ಲೇ ಸುತ್ತುವರಿದು ಹಿಡಿಯುವ ತಂತ್ರ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಮೀನು ಊರೂರಿನ ದಡ ಬಿಟ್ಟು ಬಂದರುಗಳಿಗೆ ಹೋಯಿತು. ಮನೆ ಎದುರಿಗೇ ಮೀನು ಸಿಗುತ್ತಿದ್ದ ಹೆಂಗಸರು ಬಸ್ಸು ಹತ್ತಿ ಬಂದರಿನ ಹರಾಜಿಗೆ ಹೋಗಬೇಕಾಯ್ತು.

ಹಾಗಂತ ನಾಡದೋಣಿಯವರೆಲ್ಲ ಸಮುದ್ರ ಕಾಯುವ ಋಷಿಗಳು ಅಂತ ನಾನು ಹೇಳ್ತಿಲ್ಲ. ಅವರ ಬಲೆಗೂ ಮರಿಮೀನು ಬೀಳುತ್ತೆ, ಅವರಿಗೂ ಎಂಜಿನ್ ಬೇಕು. ಯಾಂತ್ರಿಕ ಬೋಟುಗಳನ್ನೇ ನಂಬಿದ ಸಾವಿರಾರು ಕುಟುಂಬಗಳೂ ಇವೆ. ಆದರೆ ಕಾನೂನೇ ಈ ಎರಡರ ನಡುವೆ ಗೆರೆ ಎಳೆದಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಅವಕಾಶ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಗೆರೆ ಇದೆ. ಅದನ್ನು ಕಾಯೋರು ಬೇಕು, ಅಷ್ಟೆ.

ಈಗಿನ ದೊಡ್ಡ ಆತಂಕ ನೀರಿನದ್ದಲ್ಲ, ದಡದ್ದು. ಕಾಸರಕೋಡ ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಮೀನುಗಾರರು ಖಾಸಗಿ ಬಂದರು ಯೋಜನೆಗಳ ವಿರುದ್ಧ ಬೀದಿಗಿಳಿದಿದ್ದು ಇದೇ ಕಾರಣಕ್ಕೆ. ದೋಣಿ ಎಳೆಯುವ, ಬಲೆ ಹೆಣೆಯುವ, ಮೀನು ಒಣಗಿಸುವ ಮರಳದಂಡೆ ಬಹಳ ಕಡೆ ದಾಖಲೆಯಲ್ಲಿ ಬರೀ ಸರಕಾರಿ ಜಾಗ. ಪಟ್ಟಾ ಇಲ್ಲ. ಪಟ್ಟಾ ಇಲ್ಲದವರಿಗೆ ಪರಿಹಾರ ಕೇಳೋದೂ ಕಷ್ಟ. ಅದರ ಮೇಲೆ, 2019ರ ಸಿಆರ್‌ಝೆಡ್ ಅಧಿಸೂಚನೆ ಜನದಟ್ಟಣೆಯ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು.

ಬಂದರೇ ಬೇಡ ಅನ್ನೋದು ನನ್ನ ವಾದವಲ್ಲ. ಯೋಜನಾ ವರದಿಯ ಒಂದು ಬದಿಯಲ್ಲಿ ಸರಕು ಸಾಗಣೆ, ಹುಟ್ಟುವ ಉದ್ಯೋಗ ಎಲ್ಲ ಬರೀತೀರಿ, ಸರಿ. ಇನ್ನೊಂದು ಬದಿಯಲ್ಲಿ ಆ ದಡ ಈಗಾಗಲೇ ಕೊಡುತ್ತಿರುವ ಉದ್ಯೋಗವನ್ನೂ ಬರೀರಿ. ಬುಟ್ಟಿ ಹೊರುವವರೆಷ್ಟು, ಒಣಗಿಸುವವರೆಷ್ಟು, ಬಲೆ ರಿಪೇರಿ ಮಾಡುವವರೆಷ್ಟು, ಎಷ್ಟು ಮನೆಗೆ ದಿನದ ಪದಾರ್ಥ ಇಲ್ಲಿಂದ ಹೋಗುತ್ತೆ? ಒಂದು ವರ್ಷ, ಮಳೆಗಾಲವೂ ಸೇರಿ, ದಡದಲ್ಲಿ ಕೂತು ಎಣಿಸಿದರೆ ಸಿಗುವ ಲೆಕ್ಕ ಇದು. ನಿಮ್ಮೂರಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದರೆ ಮೊದಲು ಈ ಪಟ್ಟಿ ಕೇಳಿ. ಪಟ್ಟಿಯೇ ಇಲ್ಲ ಅಂದ್ರೆ, ಏನು ಕಳೆದುಕೊಳ್ತೀವಿ ಅಂತ ನೋಡದೆಯೇ ಲಾಭದ ಲೆಕ್ಕ ಬರೆದಿದ್ದಾರೆ ಎಂದರ್ಥ.

ಆ ಅಜ್ಜಿಯ ಪಾಲು ನಾಲ್ಕೈದು ತಾರ್ಲೆ ಇರಬಹುದು. ಅವರ ಆ ಹೊತ್ತಿನ ಊಟಕ್ಕೆ ಅದು ಸಾಕಿತ್ತು.