ತೊಟ್ಟಿಲು ಕಟ್ಟಿದ ಮೇಲೆ ನೌಕರಿ ಬಿಡಬೇಕೆ?

“ಮಗು ಆಯ್ತಲ್ಲ, ಇನ್ನು ಕೆಲಸ ಬಿಟ್ಟುಬಿಡಮ್ಮ” – ದುಡಿಯುವ ಹೆಣ್ಣು ಬಾಣಂತಿಯಾದೊಡನೆ ಕಿವಿಗೆ ಬೀಳುವ ಮಾತಿದು. ಹೇಳುವವರದು ಕೆಟ್ಟ ಮನಸ್ಸೇನಲ್ಲ. ಆದರೂ ಒಮ್ಮೆ ಬೆರಳು ಮಡಿಚಿ ಲೆಕ್ಕ ಹಾಕಿ. 25ಕ್ಕೆ ತಾಯಿಯಾದವಳಿಗೆ 58 ತುಂಬಲು ಇನ್ನೂ 33 ವರ್ಷ. ಮಗು ಸೆರಗು ಹಿಡಿದು ಓಡಾಡುವುದು ಅದರಲ್ಲಿ ಐದಾರು ವರ್ಷ, ಅಷ್ಟೇ. ಆ ಐದಾರು ವರ್ಷಕ್ಕಾಗಿ ಉಳಿದದ್ದನ್ನೆಲ್ಲ ಬಿಟ್ಟುಕೊಡುವ ಮುನ್ನ ಕೆಲವು ಸಂಗತಿಗಳು ನಿಮಗೆ ತಿಳಿದಿರಲಿ.

ಹೆರಿಗೆ ಸೌಲಭ್ಯದ ಕಾನೂನು ನಮ್ಮಲ್ಲಿ ಬಂದದ್ದು 1961ರಲ್ಲಿ. 2017ರ ತಿದ್ದುಪಡಿಯಿಂದ, ಮೊದಲೆರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. 50 ಜನ ಕೆಲಸ ಮಾಡುವ ಕಡೆ ಶಿಶುವಿಹಾರದ ಸೌಲಭ್ಯವಿರಬೇಕು. ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಇದು ಯಜಮಾನರ ಕೃಪೆಯಲ್ಲ, ನಿಮ್ಮ ಹಕ್ಕು.

ಇಷ್ಟಾದರೂ ಬಿಡಲೇಬೇಕಾಯಿತೇ? ಆಗ ಪಿ.ಎಫ್. ವಿಷಯದಲ್ಲಿ ಅವಸರ ಬೇಡ. ಒಟ್ಟು 10 ವರ್ಷದ ಸೇವೆಯಾದರೆ 58ರ ನಂತರ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಹತ್ತು ತುಂಬುವ ಮೊದಲೇ ಪಿಂಚಣಿಯ ಹಣ ತೆಗೆದುಬಿಟ್ಟರೆ ಅಷ್ಟು ವರ್ಷದ ದುಡಿಮೆ ಲೆಕ್ಕದಿಂದ ಹೋಯಿತೆಂದೇ ತಿಳಿಯಿರಿ. ಅದರ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ ಪಡೆದು ಜೋಪಾನವಾಗಿಡಿ. ನಾಳೆ ಬೇರೆ ಕಡೆ ಸೇರಿದಾಗ ಹಳೆಯ ಸೇವೆಯೂ ಜೊತೆಗೆ ಸೇರುತ್ತದೆ.

“ನಾನು ಬಿಟ್ಟು ವರ್ಷಗಳೇ ಆದವು, ಇನ್ನೇನು?” ಅಂತೀರಾ? ಎಂ. ಕೆ. ಇಂದಿರಾ ಅವರನ್ನು ನೆನೆಸಿಕೊಳ್ಳಿ. 1917ರಲ್ಲಿ ಹುಟ್ಟಿದ ಅವರು ಸಂಸಾರ ನಡೆಸಿ, ‘ತುಂಗಭದ್ರ’ ಕಾದಂಬರಿ ಹೊರತಂದದ್ದು 1963ರಲ್ಲಿ. ಆಗ ಅವರಿಗೆ 46ರ ಆಸುಪಾಸು. ‘ಗೆಜ್ಜೆಪೂಜೆ’, ‘ಫಣಿಯಮ್ಮ’ ಎಲ್ಲ ಆಮೇಲಿನವು! ಅರ್ಧಕ್ಕೆ ನಿಂತ ಓದು ಮುಂದುವರಿಸುವವರಿಗೆ ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಮನೆಯಲ್ಲಿದ್ದುಕೊಂಡೇ ಪದವಿಗೆ ಓದಬಹುದು.

ಕೊನೆಯದಾಗಿ, ಅತ್ತೆಯ ಸ್ಥಾನದಲ್ಲಿರುವ ಓದುಗರಿಗೆ ಒಂದು ಮಾತು. ಸೊಸೆ ಕೆಲಸಕ್ಕೆ ಹೊರಟಾಗ “ಮಗೂನ ನಾನು ನೋಡ್ಕೋತೀನಿ, ಹೋಗಿ ಬಾ” ಅನ್ನಿ. ಹಾಗಂತ ಎಲ್ಲ ಹೊರೆಯನ್ನೂ ನೀವೊಬ್ಬರೇ ಹೊರಬೇಡಿ. ಸಂಜೆ ಮಗುವಿಗೆ ಗಂಜಿ ಕುಡಿಸುವ, ತಟ್ಟಿ ಮಲಗಿಸುವ ಕೆಲಸವನ್ನು ನಿಮ್ಮ ಮಗನಿಗೂ ಕಲಿಸಿ.