ತಾಯಿಯ ಕಣ್ಣೀರು ಬಲ್ಲ ದಾದಿ

ಪೈರು ಹಸಿರಾಗಿದೆ ಎಂದು ರೈತನು ಹೊಲದ ಕಾವಲು ಬಿಡುವುದಿಲ್ಲ. ರಾಶಿಯಾಗಿ ಕಾಳು ಮನೆ ಸೇರುವ ತನಕ ಅವನಿಗೆ ನಿದ್ದೆಯಿಲ್ಲ. ಆದರೆ ಮಕ್ಕಳ ಕಾಯಿಲೆಯಲ್ಲಿ ಈ ತಾಳ್ಮೆಯನ್ನು ನಾವು ಮರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ ಭಕ್ತ ದಂಪತಿಗಳು ಏಳು ವರ್ಷದ ಮಗನೊಡನೆ ನಮ್ಮಲ್ಲಿಗೆ ಬಂದಿದ್ದರು. ಹುಡುಗನಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನಲ್ಲಿ ಮೂರು ತಿಂಗಳು ಔಷಧಿಯಾಗಿ ಆಟವಾಡಿಕೊಂಡಿದ್ದ. ‘ಹುಡುಗ ಆರಾಮ ಆಗ್ಯಾನ, ಇನ್ನ್ಯಾಕ ತಿರುಗಾಟ?’ ಎಂದು ಊರ ಹಿರಿಯರು ಹೇಳಿದ್ದರಂತೆ. ನಾವೂ ‘ಇನ್ನು ಚಿಂತೆ ಬೇಡ’ ಎಂದು ಹರಸಿದೆವು. ಅದನ್ನೇ ಅಪ್ಪಣೆಯೆಂದು ತಿಳಿದು ಅವರು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟರು. ತಪ್ಪು ನಮ್ಮದು.

ಅದನ್ನು ತಿದ್ದಿದವಳು ಒಬ್ಬ ದಾದಿ. ಕೇರಳದ ಕಡೆಯವಳು. ಸರದಿಗೆ ಮಗು ಬಾರದ್ದನ್ನು ಕಂಡು ಫೋನು ಮಾಡಿದಳು. ಬೈಯಲಿಲ್ಲ. ‘ಅಮ್ಮಾ, ಹುಡುಗ ಊಟ ಮಾಡ್ತಾನಾ? ನೀವು ನಿದ್ದೆ ಮಾಡ್ತೀರಾ?’ ಎಂದಳಂತೆ. ಆ ಮಾತಿಗೆ ತಾಯಿ ಬಿಕ್ಕಿ ಅತ್ತಳು. ಎತ್ತು ಮಾರಿದ್ದು, ಸಾಲವಾದದ್ದು, ಡಾಕ್ಟರ ಮುಂದೆ ಆಡದ ಮಾತನ್ನೆಲ್ಲ ಆಡಿದಳು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸಹಾಯವುಂಟೆಂದು ಹೇಳಿ, ತರಬೇಕಾದ ಕಾಗದಗಳನ್ನೂ ದಾದಿ ತಿಳಿಸಿದಳು. ವಾರದೊಳಗೆ ಮಗು ಮತ್ತೆ ಆಸ್ಪತ್ರೆ ಸೇರಿತು. ಚಿಕಿತ್ಸೆ ಮುಗಿದು ಈಗ ಶಾಲೆಗೆ ಹೋಗುತ್ತಿದೆ.

ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಬಗೆಗೆ 2ರಿಂದ 3 ವರ್ಷ ಚಿಕಿತ್ಸೆ ಬೇಕು. ಮೊದಲ ತಿಂಗಳಲ್ಲೇ ರೋಗ ಮರೆಯಾದಂತೆ ಕಂಡರೂ ಅದರ ಬೇರು ಒಳಗೆ ಉಳಿದಿರುತ್ತದೆ. ಔಷಧಿಯಿಂದ ಮೈಯ ಶಕ್ತಿ ಕುಗ್ಗಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಓದು ಬಾರದ ತಾಯಿಗೂ ತಿಳಿಯುವಂತೆ ಹತ್ತು ಸಲ ಹೇಳಿಕೊಡುವವಳು ದಾದಿ. ಅವಳಲ್ಲಿ ಸಲಿಗೆಯಿದ್ದರೆ ತಾಯಿ ಕೇಳುತ್ತಾಳೆ. ಹೆದರಿಕೆಯಿದ್ದರೆ ಸುಮ್ಮನಾಗುತ್ತಾಳೆ. ಆ ಮೌನಕ್ಕೆ ಮಗುವಿನ ಪ್ರಾಣವೇ ಬೆಲೆಯಾದೀತು.

ದಾದಿಗೂ ಕರುಳುಂಟು. ವರ್ಷಗಟ್ಟಲೆ ಆರೈಕೆ ಮಾಡಿದ ಮಗು ಉಳಿಯದಿದ್ದರೆ ಅವಳೂ ಮರೆಯಲ್ಲಿ ಅಳುತ್ತಾಳೆ. ಕಣ್ಣೊರೆಸಿಕೊಂಡು ಪಕ್ಕದ ಹಾಸಿಗೆಯ ಮಗುವಿನ ಬಳಿ ನಗುತ್ತ ಹೋಗುತ್ತಾಳೆ. ಇದಕ್ಕಿಂತ ದೊಡ್ಡ ಕಾಯಕ ಯಾವುದು? ‘ಊಟ ಆಯಿತೇನವ್ವಾ?’ ಎಂದು ಅವಳನ್ನೂ ಒಮ್ಮೆ ಕೇಳಿರಿ.

ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮಕ್ಕಳನ್ನು ಹರಸಿರಿ, ಬಸ್ಸಿನ ಖರ್ಚಿಗೆ ಕೈಲಾದಷ್ಟು ಕೊಡಿರಿ. ಔಷಧಿ ಸಾಕು ಎನ್ನುವ ಮಾತನ್ನು ಮಾತ್ರ ಆಸ್ಪತ್ರೆಯವರಿಗೆ ಬಿಡಿರಿ. ನಾವೂ ಇಂದು ಹಾಗೆಯೇ ನಡೆಯುತ್ತಿದ್ದೇವೆ.